ಸಾಕ್ಷಿಯಿಲ್ಲದ ಅಣಕು ನ್ಯಾಯಾಲಯ ಸಾಲದು

ಕಾನೂನು ಕಾಲೇಜುಗಳ ಅಣಕು ನ್ಯಾಯಾಲಯ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಮೇಲ್ಮನವಿಯ ಕಾನೂನು ವಾದ. ಅಲ್ಲಿ ಸಾಕ್ಷಿಯೂ ಇಲ್ಲ, ಪಾಟೀಸವಾಲೂ ಇಲ್ಲ. ಹೊಸೂರು, ಕೃಷ್ಣಗಿರಿಯ ವಿಚಾರಣಾ ನ್ಯಾಯಾಲಯಗಳಲ್ಲಾದರೋ ಎಷ್ಟೋ ಪ್ರಕರಣಗಳು ನಿಲ್ಲುವುದೂ ಬೀಳುವುದೂ ಸಾಕ್ಷಿಯ ಮಾತಿನ ಮೇಲೆ. ಕಟಕಟೆ ಹತ್ತುವ ರೈತನ ಮನೆಮಾತು ಕನ್ನಡವೋ ತೆಲುಗೋ ಇರಬಹುದು. ನ್ಯಾಯಾಲಯದ ಭಾಷೆ ತಮಿಳು. ಕಣ್ಣಾರೆ ಕಂಡದ್ದಕ್ಕೂ ಬೇರೆಯವರಿಂದ ಕೇಳಿದ್ದಕ್ಕೂ ಇರುವ ಅಂತರ ಅನುವಾದದಲ್ಲಿ ಅಳಿಸಿಹೋದರೆ ಸಾಕ್ಷ್ಯವೇ ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಮುಖ್ಯ ವಿಚಾರಣೆ, ಪಾಟೀಸವಾಲು, ಮರುವಿಚಾರಣೆ ಎಂಬ ಹಳೆಯ ಕ್ರಮವನ್ನೇ ಉಳಿಸಿಕೊಂಡಿದೆ.

ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳು ಅಣಕು ನ್ಯಾಯಾಲಯಕ್ಕೆ 30 ಅಂಕ, ಒಂದು ಸಿವಿಲ್ ಮತ್ತು ಒಂದು ಕ್ರಿಮಿನಲ್ ವಿಚಾರಣೆಯನ್ನು ಗಮನಿಸಿ ದಾಖಲಿಸುವುದಕ್ಕೆ 30 ಅಂಕ ಇಟ್ಟಿವೆ. ಆದರೆ ನೋಡಿದ ಮಾತ್ರಕ್ಕೆ ಪ್ರಶ್ನೆ ಕೇಳಲು ಬರುವುದಿಲ್ಲ. ಅದನ್ನು ಹಿರಿಯ ವಕೀಲರ ಕೈಕೆಳಗೆ ಕಲಿತರಾಯಿತು ಎನ್ನುವವರಿದ್ದಾರೆ. ಅಲ್ಲಿ ಕಲಿಯುವುದು ಬಹಳಷ್ಟಿದೆ, ನಿಜ. ಆದರೆ ತಪ್ಪಿದ ಪ್ರಶ್ನೆಗೆ ಬೆಲೆ ತೆರುವವನು ಕಕ್ಷಿದಾರ. ಸಾಕ್ಷಿ, ಪಾಟೀಸವಾಲುಗಳನ್ನು ಸೇರಿಸಿದರೆ ಸ್ಪರ್ಧೆ ನಾಟಕವಾದೀತು ಎಂಬ ಆಕ್ಷೇಪಕ್ಕೆ ಉತ್ತರ ಅಂಕ ಕೊಡುವ ಕ್ರಮದಲ್ಲೇ ಇದೆ: ಅಬ್ಬರಕ್ಕಲ್ಲ, ಕೇಳಬಾರದ ಪ್ರಶ್ನೆಯನ್ನು ಕೇಳದೆ ಬಿಟ್ಟ ಸಂಯಮಕ್ಕೆ ಅಂಕ ಸಿಗಲಿ. ಧರ್ಮಪುರಿ, ಸೇಲಂನ ಸರ್ಕಾರಿ ಕಾನೂನು ಕಾಲೇಜುಗಳು ಕನ್ನಡ, ತೆಲುಗು ಸಾಕ್ಷಿಗಳನ್ನೂ ದುಭಾಷಿಯನ್ನೂ ಒಳಗೊಂಡ ಅಣಕು ವಿಚಾರಣೆಗೆ ಪಾಠದಲ್ಲಿ ಕಾಯಂ ಜಾಗ ಕೊಡಬೇಕು.