ಮಹಾನೌಕೆಗಳೂ ಇಕ್ಕಟ್ಟಾದ ರೇವುಗಳೂ

2024ನೆಯ ಮಾರ್ಚ್ 26ರ ನಡುರಾತ್ರಿ ಕಳೆದ ಮೇಲೆ, ಅಮೇರಿಕೆಯ ಬಾಲ್ಟಿಮೋರ್ ಬಂದರಿನಿಂದ ಹೊರಟ ‘ಡಾಲಿ’ ಎಂಬ ಸರಕುಹಡಗು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಕಂಬಕ್ಕೆ ಬಡಿದು, ಸೇತುವೆಯು ಕುಸಿದುಬಿದ್ದಿತು. ಅದರ ಮೇಲೆ ರಸ್ತೆ ದುರಸ್ತು ಮಾಡುತ್ತಿದ್ದ ಆರು ಮಂದಿ ಕೆಲಸಗಾರರು ಮಡಿದರು. ಹಡಗಿನ ನಾವಿಕರಲ್ಲಿ ಬಹುಮಂದಿ ಭಾರತೀಯರಾದುದರಿಂದ ಈ ಸಂಗತಿಯು ನಮಗೆ ಕೇವಲ ಪರದೇಶದ ವಾರ್ತೆಯಲ್ಲ.

ಸಡಿಲವಾಗಿದ್ದ ಒಂದು ತಂತಿಯಿಂದ ಹಡಗಿನ ವಿದ್ಯುತ್ತು ನಿಂತಿತೆಂದು ತನಿಖಾಮಂಡಲಿಯು 2025ರಲ್ಲಿ ನಿರ್ಣಯಿಸಿತು. ಆದರೆ ದೋಷವನ್ನೆಲ್ಲ ತಂತಿಯ ತಲೆಗೆ ಕಟ್ಟಿ ಸುಮ್ಮನಾಗುವುದು ನ್ಯಾಯವಲ್ಲ. 1980ರಲ್ಲಿಯೂ ಹಡಗೊಂದು ಇದೇ ಸೇತುವೆಗೆ ತಾಗಿತ್ತು. ಆಗ ಆದುದು ಅಲ್ಪ ಹಾನಿ. ಅದು ಚಿಕ್ಕ ಹಡಗು. ಡಾಲಿಯ ಉದ್ದವೋ ಸುಮಾರು 300 ಮೀಟರು! 1977ರಲ್ಲಿ ತೆರೆದ ಸೇತುವೆಯು ಇಂತಹ ಭಾರಕ್ಕಾಗಿ ಕಟ್ಟಿದುದಲ್ಲ.

ನಡುಸಮುದ್ರದಲ್ಲಿ ಯಂತ್ರವು ಕೆಟ್ಟರೆ ತೇಲುತ್ತ ಸರಿಪಡಿಸಿಕೊಳ್ಳಬಹುದು. ರೇವಿನ ಕಾಲುವೆಯಲ್ಲಿ ತಳವೂ ಹತ್ತಿರ, ದಡವೂ ಹತ್ತಿರ. ವೇಗವನ್ನು ಹೆಚ್ಚಿಸಿದರೆ ಹಡಗು ನೀರಿನಲ್ಲಿ ಇನ್ನಷ್ಟು ಕೆಳಗಿಳಿಯುವುದು. ತಗ್ಗಿಸಿದರೆ ಚುಕ್ಕಾಣಿಯು ಮಾತು ಕೇಳದು. ಡಾಲಿಯಲ್ಲಿ ದಾರಿ ಬಲ್ಲ ಪೈಲಟ್ಟರಿದ್ದರು, ಲಂಗರನ್ನೂ ಇಳಿಸಿದರು, ಫಲವಾಗಲಿಲ್ಲ. ಅವರು ಕೊಟ್ಟ ಎಚ್ಚರಿಕೆಯಿಂದ ಪೋಲೀಸರು ವಾಹನಗಳನ್ನು ತಡೆದರು. ಕೆಲಸಗಾರರಿಗೆ ಮಾತ್ರ ಸುದ್ದಿ ಸಕಾಲದಲ್ಲಿ ಮುಟ್ಟಲಿಲ್ಲ.

ಧಕ್ಕೆಯಿಂದ ಹಡಗನ್ನು ಬಿಡಿಸಿದ ಟಗ್ಗುಗಳು ಅಷ್ಟರಲ್ಲಿ ಹಿಂದಿರುಗಿದ್ದವು. ಸೇತುವೆ ದಾಟುವವರೆಗೆ ಅವು ಜೊತೆಗಿರಬೇಕೆಂದು ವಿಧಿಸುವುದು ಬಂದರಿನ ಅಧಿಕಾರಿಗಳಿಗೆ ಅಸಾಧ್ಯವಾದ ಕಾರ್ಯವೇನಲ್ಲ. ಬಾಡಿಗೆಯು ಹೆಚ್ಚೀತು, ಅದನ್ನು ಹಡಗಿನ ಒಡೆಯರೇ ತೆರಲಿ.