ಫುಲ್ ಫ್ರೇಮ್ ಕನಸು, ಕೇಣಿಯ ಲೆಕ್ಕ

"ಶನಿವಾರ ತನಕಾ ನಿಮ್ಮ ಹೆಸರಿಲೆ ತಗದಿಟ್ಟಿರ್ತೇನ್ರಿ. ಆಮ್ಯಾಲೆ ಕೇಳಬ್ಯಾಡ್ರಿ."

ಹುಬ್ಬಳ್ಳಿಯ ಅಂಗಡಿಯವರು ಫೋನಿನಲ್ಲಿ ಹೀಗೆ ಹೇಳಿದ್ದು ಒಂದು ಸೋಮವಾರ. ಅವರು ತೆಗೆದಿಟ್ಟಿದ್ದು ಕ್ಯಾನನ್ ಇಒಎಸ್ ಆರ್‌ಪಿ ಎಂಬ ಕ್ಯಾಮೆರಾ. 2019ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ, ಒಬ್ಬರು ಬಳಸಿ ಮಾರಿದ್ದು. ಲೆನ್ಸ್ ಇಲ್ಲದೆ ಬರೀ ಬಾಡಿಗೆ 58 ಸಾವಿರ ರೂಪಾಯಿ. ನನ್ನ ಖಾತೆಯಲ್ಲಿದ್ದದ್ದು 62 ಸಾವಿರ. ಡಿಗ್ರಿ ಮುಗಿಸಿ, ಒಂದು ಕಡೆ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಾ, ಇನ್ನೊಂದು ಕಡೆ ಅಂಕೋಲಾದ ಸ್ಟುಡಿಯೊ ಒಂದಕ್ಕೆ ಮದುವೆ ಫೋಟೊ ತೆಗೆಯುತ್ತಾ ಎರಡು ಸೀಸನ್‌ನಲ್ಲಿ ಕೂಡಿಟ್ಟ ಹಣ ಅದು. ಲೆಕ್ಕ ಸರಿಯಾಗಿಯೇ ಇದೆ ಅಂದುಕೊಂಡೆ.

ಆಯಿ ಜಗಲಿಯಲ್ಲಿ ಕೂತು ಸಿಗಡಿ ಸುಲಿಯುತ್ತಿದ್ದಳು. ವಿಷಯ ಹೇಳಿದೆ.

"ಈಗಿದ್ದದ್ದು ಹಾಳಾಗಿದ್ಯೇನೋ ತಮಾ?"

"ಇಲ್ಲ."

"ಮತ್ತೆಂತಕ್ಕೆ?"

ಉತ್ತರ ಬಾಯಿಗೆ ಬರಲಿಲ್ಲ. ನಾಲ್ಕು ತಿಂಗಳಿಂದ ಯೂಟ್ಯೂಬ್‌ನಲ್ಲಿ ನೋಡಿದ್ದ ವಿಡಿಯೊಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಇಷ್ಟು ನೇರವಾಗಿ ಕೇಳಿರಲಿಲ್ಲ.

ನನ್ನ ಬಳಿ ಇರುವುದು ಕ್ಯಾನನ್ 200ಡಿ. ಅದೂ ಸೆಕೆಂಡ್ ಹ್ಯಾಂಡೇ. ಜೊತೆಗೆ 18-55 ಮತ್ತು 55-250 ಎಂಬ ಎರಡು ಲೆನ್ಸ್‌ಗಳು. ಸ್ಟುಡಿಯೊದಲ್ಲಿ ಹಿರಿಯರ ಕೈಯಲ್ಲಿ ಫುಲ್ ಫ್ರೇಮ್ ಕ್ಯಾಮೆರಾ ಇರುತ್ತದೆ. ಮಂಟಪದ ಎದುರು ಅವರು ನಿಲ್ಲುತ್ತಾರೆ, ನಾನು ಊಟದ ಪಂಕ್ತಿಯ ಫೋಟೊ ತೆಗೆಯುತ್ತೇನೆ. ಆ ಕ್ಯಾಮೆರಾ ಇದ್ದರೆ ನಾನೂ ಅಲ್ಲಿ ನಿಲ್ಲಬಹುದು ಎಂಬ ಆಸೆ. ಉದ್ಯೋಗ ಹುಡುಕುತ್ತಿರುವವರಿಗೆ ಇದು ಅರ್ಥವಾಗುತ್ತದೆ. "ಎಂತ ಮಾಡ್ಕೊಂಡಿದ್ದೆ?" ಎಂದು ಊರಲ್ಲಿ ಯಾರಾದರೂ ಕೇಳಿದಾಗ ತೋರಿಸಲು ಕೈಯಲ್ಲಿ ಏನಾದರೂ ಬೇಕು ಅನ್ನಿಸುತ್ತದೆ.

ಫುಲ್ ಫ್ರೇಮ್ ಎಂದರೆ ಹೊಸದೇನಲ್ಲ. 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರದ ಸೆನ್ಸರ್, ಅಷ್ಟೇ. ಹಳೆಯ 35 ಮಿ.ಮೀ. ರೀಲಿನ ಒಂದೊಂದು ಚಿತ್ರದ ಅಳತೆ ಅದು. ನಮ್ಮ ಆಯಿ-ಅಪ್ಪನ ಮದುವೆ ಆಲ್ಬಮ್ ತೆಗೆದದ್ದು ಅಂಥದ್ದೇ ರೀಲಿನ ಕ್ಯಾಮೆರಾದಲ್ಲಿ. ಒಂದು ರೀಲಿಗೆ 36 ಫೋಟೊ, ಎಣಿಸಿ ಎಣಿಸಿ ತೆಗೆಯಬೇಕಿತ್ತು. ಈಗ ನಾವು ಲಕ್ಷ ಕೊಟ್ಟು ಕೊಳ್ಳಲು ಹಂಬಲಿಸುವ ಅಳತೆ ಆಗ ಊರೂರಿನ ಸ್ಟುಡಿಯೊಗಳಲ್ಲಿ ಇತ್ತು. ನನ್ನ 200ಡಿಯ ಸೆನ್ಸರ್ 22.3 x 14.9 ಮಿ.ಮೀ. ವಿಸ್ತೀರ್ಣದಲ್ಲಿ ಫುಲ್ ಫ್ರೇಮ್ ಇದರ ಸುಮಾರು 2.6 ಪಟ್ಟು. ಅಷ್ಟು ಹೆಚ್ಚು ಬೆಳಕು ಹಿಡಿಯುತ್ತದೆ, ಕತ್ತಲಲ್ಲಿ ತೆಗೆದ ಚಿತ್ರದಲ್ಲಿ ಕಾಳು ಕಾಳು ಕಡಿಮೆ ಕಾಣುತ್ತದೆ. ಲಾಭ ಇಲ್ಲವೆಂದು ಹೇಳುವವರ ಮಾತು ನಂಬಬೇಡಿ. ಲಾಭ ಇದೆ. ಎಷ್ಟು ಹಣಕ್ಕೆ ಎಷ್ಟು ಲಾಭ ಅನ್ನುವುದೇ ಪ್ರಶ್ನೆ.

ಆ ರಾತ್ರಿ ಪೆನ್ನು ಹಿಡಿದು ಕೂತೆ. ನನ್ನ ಎರಡೂ ಲೆನ್ಸ್‌ಗಳು ಸಣ್ಣ ಸೆನ್ಸರ್‌ಗೆಂದೇ ಮಾಡಿದವು. ಅಡಾಪ್ಟರ್ ಹಾಕಿದರೆ ಆರ್‌ಪಿಗೆ ಕೂರುತ್ತವೆ. ಆದರೆ ಕ್ಯಾಮೆರಾ ಆಗ ಸೆನ್ಸರ್‌ನ ನಡುಭಾಗವನ್ನು ಮಾತ್ರ ಬಳಸುತ್ತದೆ. 26 ಮೆಗಾಪಿಕ್ಸೆಲ್‌ನ ಕ್ಯಾಮೆರಾ ಸುಮಾರು 10 ಮೆಗಾಪಿಕ್ಸೆಲ್‌ಗೆ ಇಳಿಯುತ್ತದೆ. ನನ್ನ ಹಳೆಯದು 24. ಮದುವೆ ಆಲ್ಬಮ್‌ನ 12 x 18 ಇಂಚಿನ ಒಂದು ಪುಟವನ್ನು 300 ಡಿಪಿಐನಲ್ಲಿ ಮುದ್ರಿಸಲು 19 ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಹೆಚ್ಚು ಬೇಕು. ಅಂದರೆ 58 ಸಾವಿರ ಕೊಟ್ಟ ಮೇಲೆ ನನ್ನ ಕೈಯಲ್ಲಿ ಇರುವುದು ಈಗಿನದಕ್ಕಿಂತ ಹಿಂದಿನ ಹೆಜ್ಜೆ!

ಹಾಗಾಗಿ ಫುಲ್ ಫ್ರೇಮ್‌ನ ಲೆನ್ಸ್ ಕೊಳ್ಳಲೇಬೇಕು. ಹಳೆಯ 24-105 ಲೆನ್ಸ್‌ಗೆ ಅದೇ ಅಂಗಡಿಯಲ್ಲಿ ಹೇಳಿದ ದರ 32 ಸಾವಿರ. ಅಡಾಪ್ಟರ್ 6 ಸಾವಿರ. ಒಟ್ಟು 96 ಸಾವಿರ. ಬ್ಯಾಟರಿ ಎರಡಕ್ಕೂ ಒಂದೇ ಎಂದು ಖುಷಿಪಟ್ಟಿದ್ದೆ. ಆದರೆ ಕಂಪನಿಯೇ ಕೊಟ್ಟ ಲೆಕ್ಕದಲ್ಲಿ ಆ ಬ್ಯಾಟರಿ 200ಡಿಯಲ್ಲಿ ಒಂದು ಚಾರ್ಜಿಗೆ 650 ಫೋಟೊ ತೆಗೆದರೆ, ಆರ್‌ಪಿಯಲ್ಲಿ 250. ಕನ್ನಡಿ ಇಲ್ಲದ ಕ್ಯಾಮೆರಾದಲ್ಲಿ ಪರದೆ ಸದಾ ಉರಿಯುತ್ತಲೇ ಇರಬೇಕಲ್ಲ. ಇನ್ನು 'ಕಾಂಪ್ಯಾಕ್ಟ್' ಎಂಬ ಮಾತು. ಆರ್‌ಪಿ ಬ್ಯಾಟರಿ ಸೇರಿ 485 ಗ್ರಾಂ, ನನ್ನದು 453. ಬಾಡಿ ಸಣ್ಣದೇ ಹೌದು. ಆದರೆ 215 ಗ್ರಾಂ ಇದ್ದ ಲೆನ್ಸ್‌ನ ಜಾಗಕ್ಕೆ ಬರುವುದು 670 ಗ್ರಾಂನದು.

34 ಸಾವಿರ ಕಡಿಮೆ ಬಿತ್ತು. ಬೆಳಿಗ್ಗೆ ಚಹಾ ಕುಡಿಯುವಾಗ ನನ್ನ ಮುಖ ನೋಡಿಯೇ ಆಯಿಗೆ ತಿಳಿಯಿತು. ಕೈ ಒರೆಸಿಕೊಂಡು ಒಂದು ಬಳೆ ಬಿಚ್ಚಿದಳು. "ಸಾಲದ್ದಕ್ಕೆ ಇದನ್ನ ಸೊಸೈಟಿಲಿ ಇಡುವಾ. ನಿನ್ನ ಕೆಲಸಕ್ಕೆ ಬೇಕಲ, ತಕಾ" ಎಂದಳು. ಹಿಂದಿನ ದಿನ "ಎಂತಕ್ಕೆ?" ಎಂದು ಕೇಳಿದವಳೇ ಇವಳು. ಉತ್ತರ ಸಿಗದಿದ್ದರೂ ಬಳೆ ಬಿಚ್ಚಿದ್ದಳು. ಆ ಬಳೆ ಟೇಬಲ್ಲಿನ ಮೇಲಿದ್ದಷ್ಟು ಹೊತ್ತು ನನಗೆ ಚಹಾ ಇಳಿಯಲಿಲ್ಲ. ಇಲ್ಲಿಯವರೆಗೆ ನನ್ನ ಹಣದ ಲೆಕ್ಕವಾಗಿತ್ತು. ಈಗ ಅವಳದ್ದೂ ಆಯಿತು.

ಸ್ಟುಡಿಯೊ ಮಾಲೀಕರನ್ನು ಕೇಳಿದೆ: "ಫುಲ್ ಫ್ರೇಮ್ ತಂದರೆ ದಿನಕ್ಕೆ ಎಷ್ಟು ಹೆಚ್ಚು ಕೊಡ್ತ್ರಿ?" ಅವರು ಯೋಚಿಸಿ, "ಐನೂರು ಕೊಡಬಹುದು" ಎಂದರು. 96 ಸಾವಿರವನ್ನು ಐನೂರರಿಂದ ಭಾಗಿಸಿದರೆ 192 ದಿನ. ನನಗೆ ಸಿಗುವುದು ಸೀಸನ್‌ಗೆ 25 ಮದುವೆ. ಮಳೆಗಾಲದಲ್ಲಿ ಒಂದೂ ಇಲ್ಲ. ಹಾಕಿದ ದುಡ್ಡು ಮರಳಲು ಹೆಚ್ಚು ಕಡಿಮೆ ಎಂಟು ವರ್ಷ. ಅಷ್ಟರಲ್ಲಿ ಸರ್ಕಾರಿ ನೌಕರಿ ಸಿಕ್ಕರೆ ಕ್ಯಾಮೆರಾ ಕಪಾಟಿನಲ್ಲಿ, ಸಿಗದಿದ್ದರೆ ಬಳೆ ಸೊಸೈಟಿಯಲ್ಲಿ.

ಆದರೂ ಆಸೆ ಬಿಡಲಿಲ್ಲ. ಕಾರವಾರದಲ್ಲಿ ಪರಿಚಯದವರೊಬ್ಬರು ಇದೇ ಕ್ಯಾಮೆರಾವನ್ನು ದಿನಕ್ಕೆ 1,500 ರೂಪಾಯಿಗೆ ಬಾಡಿಗೆ ಕೊಡುತ್ತಾರೆಂದು ತಿಳಿಯಿತು. ಅದನ್ನೂ 50 ಎಂ.ಎಂ. ಎಫ್ 1.8 ಲೆನ್ಸ್ ಒಂದನ್ನೂ ತಂದೆ. ಆಗ ಸುಗ್ಗಿ ನಡೆದಿತ್ತು. ಹಾಲಕ್ಕಿಗಳ ಸುಗ್ಗಿ ಕುಣಿತದ ಮೇಳ ಹತ್ತಿರದ ಊರಿನ ಅಂಗಳವೊಂದಕ್ಕೆ ರಾತ್ರಿ ಬಂದಿತ್ತು. ತಲೆಯ ಮೇಲೆ ತುರಾಯಿ, ಗುಮಟೆಯ ಸದ್ದು, ಬೆಳಕಿಗೆ ಒಂದೇ ಎಲ್‌ಇಡಿ ಬಲ್ಬು. ಕ್ಯಾಮೆರಾ ಪರೀಕ್ಷಿಸಲು ಇದಕ್ಕಿಂತ ಕಷ್ಟದ ಜಾಗ ಬೇಡ.

ಮೊದಲು ನನ್ನ 200ಡಿ, ಹಳೆಯ 18-55 ಲೆನ್ಸ್. ಐಎಸ್‌ಒ 6400ಕ್ಕೆ ಏರಿಸಿದರೂ ಶಟರ್ ವೇಗ ಸೆಕೆಂಡಿನ 30ರಲ್ಲೊಂದು ಪಾಲು. ಕುಣಿಯುವವರ ಕಾಲು, ಕೈ, ತುರಾಯಿ ಎಲ್ಲ ಕಲಸಿಹೋದವು. ಅದೇ ಕ್ಯಾಮೆರಾಕ್ಕೆ 50 ಎಂ.ಎಂ. ಲೆನ್ಸ್ ಹಾಕಿದೆ. ಹಳೆಯ ಲೆನ್ಸ್ 55ರಲ್ಲಿ ಎಫ್ 5.6ರಷ್ಟು ಮಾತ್ರ ತೆರೆದುಕೊಳ್ಳುತ್ತದೆ. ಇದು ಎಫ್ 1.8. ಒಳಗೆ ಬರುವ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟು. ಶಟರ್ ವೇಗ 250ರಲ್ಲೊಂದು ಪಾಲಿಗೆ ಏರಿತು. ಕುಣಿತದ ಜಿಗಿತ ಗಾಳಿಯಲ್ಲಿ ನಿಂತಿತು. ಒಂದೇ ತೊಂದರೆ, ಸಣ್ಣ ಸೆನ್ಸರ್‌ನಲ್ಲಿ 50 ಲೆನ್ಸ್ 80ರಂತೆ ಕಾಣುವುದರಿಂದ ನಾನು ಬೇಲಿಯವರೆಗೆ ಹಿಂದೆ ಸರಿಯಬೇಕಾಯಿತು. ಆಮೇಲೆ ಅದೇ ಲೆನ್ಸನ್ನು ಆರ್‌ಪಿಗೆ ಹಾಕಿ ತೆಗೆದೆ. ಚಿತ್ರ ಇನ್ನೂ ಸ್ವಚ್ಛ, ಕಪ್ಪಿನ ಭಾಗಗಳಲ್ಲಿ ಕಾಳು ಕಡಿಮೆ, ಅಂಗಳ ಪೂರ್ತಿ ಚೌಕಟ್ಟಿನಲ್ಲಿ. ವ್ಯತ್ಯಾಸ ಇತ್ತು. ಸುಳ್ಳು ಹೇಳಲಾರೆ.

ಆದರೆ ಕಲಸಿಹೋದ ಚಿತ್ರದಿಂದ ಕಣ್ಣಿಗೆ ಕಾಣುವ ಚಿತ್ರಕ್ಕೆ ನನ್ನನ್ನು ದಾಟಿಸಿದ್ದು ಲೆನ್ಸ್. ಕಾಣುವ ಚಿತ್ರದಿಂದ ಇನ್ನೂ ಚೆನ್ನಾಗಿ ಕಾಣುವ ಚಿತ್ರಕ್ಕೆ ದಾಟಿಸಿದ್ದು ಸೆನ್ಸರ್. ಮೊದಲನೆಯದರ ಬೆಲೆ ಸೆಕೆಂಡ್ ಹ್ಯಾಂಡ್‌ನಲ್ಲಿ ಐದೂವರೆ ಸಾವಿರ, ಎರಡನೆಯದರ ಬೆಲೆ ತೊಂಬತ್ತಾರು ಸಾವಿರ. ದೋಣಿಗೆ ಹೋಗುವ ನಮ್ಮ ಮಾವ ಇದನ್ನು ಕೇಳಿ ನಕ್ಕ. "ಬಲೆ ದೊಡ್ಡದು ಅಂದ್ಕೂಡ್ಲೆ ಮೀನು ಬರ್ತದ್ಯ? ಕಣ್ಣು ಸರಿ ಇರ್ಬೇಕು" ಎಂದ. ಅವನು ಹೇಳಿದ್ದು ಬಲೆಯ ಕಣ್ಣಿನ ವಿಷಯ.

ಮನೆಗೆ ಬಂದು ಚಿತ್ರಗಳನ್ನು ಲ್ಯಾಪ್‌ಟಾಪಿಗೆ ಹಾಕುವಾಗ ಇನ್ನೊಂದು ಸಂಗತಿ ಕಂಡಿತು. ಮದುವೆಗಳನ್ನು ಬಿಟ್ಟು ನನಗಾಗಿ ನಾನು ಕಳೆದ ನಾಲ್ಕು ತಿಂಗಳಲ್ಲಿ ತೆಗೆದಿದ್ದ ಫೋಟೊ 43. ಅದಕ್ಕೂ ಹಿಂದೆ ವಾರಕ್ಕೆ ಅಷ್ಟು ತೆಗೆಯುತ್ತಿದ್ದೆ. ನಾಲ್ಕು ತಿಂಗಳು ನಾನು ಕ್ಯಾಮೆರಾಗಳ ಬಗ್ಗೆ ನೋಡುತ್ತಾ ಇದ್ದೆ, ಕ್ಯಾಮೆರಾದೊಳಗಿಂದ ನೋಡಿರಲಿಲ್ಲ. "ಹೊಸದು ಬರಲಿ, ಆಮೇಲೆ ಚೆನ್ನಾಗಿ ತೆಗೆಯೋಣ" ಎಂಬ ಒಂದು ಮಾತು ಕೈಯಲ್ಲಿದ್ದದ್ದನ್ನೂ ಕಟ್ಟಿಹಾಕಿತ್ತು.

ಕೇಣಿಯವನಾದ ನನಗೆ ಈ ಮಾತು ಸಣ್ಣದಲ್ಲ. ನಮ್ಮ ಕಡಲ ದಂಡೆಯಲ್ಲಿ ದೊಡ್ಡ ವಾಣಿಜ್ಯ ಬಂದರಿನ ಯೋಜನೆ ಇದೆ. 2025ರ ಫೆಬ್ರುವರಿಯಲ್ಲಿ ಸಮುದ್ರದಲ್ಲಿ ಅದರ ಸಮೀಕ್ಷೆ ನಡೆದಾಗ ಮೀನುಗಾರರು ಬೀದಿಗಿಳಿದಿದ್ದರು. ಬಂದರು ಬೇಕೋ ಬೇಡವೋ ಎಂಬ ಚರ್ಚೆ ಇಲ್ಲಿ ಬೇಡ. ದಂಡೆ ಹೀಗೇ ಇರುತ್ತದೆ ಎಂದು ಈಗ ಯಾರೂ ಖಾತ್ರಿ ಕೊಡಲಾರರು ಎಂಬುದಷ್ಟೇ ನನ್ನ ಮಾತು. ಬೆಳಗಿನ ಜಾವ ದೋಣಿ ಎಳೆಯುವ ಕೈಗಳು, ಮೀನು ಒಣಗಿಸುವ ಹೆಂಗಸರು, ನೆರಳಲ್ಲಿ ಕೂತು ಬಲೆ ಹೊಲಿಯುವ ಅಜ್ಜಂದಿರು. ಇದನ್ನೆಲ್ಲ ತೆಗೆಯಲು ನಾನು ಯಾವ ಕ್ಯಾಮೆರಾಕ್ಕಾಗಿ ಕಾಯುತ್ತಿದ್ದೆ? ಬೆಳಗಿನ ಬಿಸಿಲಿಗೆ ಐಎಸ್‌ಒ 100 ಸಾಕು. ಅಷ್ಟು ಬೆಳಕಿನಲ್ಲಿ ನನ್ನ ಹಳೆಯದಕ್ಕೂ ಹೊಸದಕ್ಕೂ ಇರುವ ಅಂತರವನ್ನು ಆಲ್ಬಮ್ ಪುಟದಲ್ಲಿ ಹುಡುಕಬೇಕು.

ಹಾಗಾದರೆ ಫುಲ್ ಫ್ರೇಮ್ ಯಾರೂ ಕೊಳ್ಳಬಾರದೇ? ಹಾಗಲ್ಲ. ಕುಮಟಾದ ಗೆಳೆಯನೊಬ್ಬ ಕಳೆದ ವರ್ಷ ಸೆಕೆಂಡ್ ಹ್ಯಾಂಡ್ ಫುಲ್ ಫ್ರೇಮ್ ಕೊಂಡ. ಅವನ ಬಳಿ ಅದಕ್ಕೆ ಹೊಂದುವ ಎರಡು ಲೆನ್ಸ್ ಮೊದಲೇ ಇದ್ದವು, ಮುಂಗಡ ಹಿಡಿದ ಮದುವೆಗಳು ಅರವತ್ತು. ಅವನ ಲೆಕ್ಕ ಸರಿ. ನನ್ನ ಲೆಕ್ಕ ಬೇರೆ. ನನಗೆ ಅಂಥ ಕ್ಯಾಮೆರಾ ನಿಜವಾಗಿ ಬೇಕಾಗುವುದು ವರ್ಷಕ್ಕೆ ನಾಲ್ಕೈದು ರಾತ್ರಿ. ಐದು ದಿನದ ಬಾಡಿಗೆ ಏಳೂವರೆ ಸಾವಿರ.

ಕೊಳ್ಳಲೇಬೇಕಾದವರಿಗೆ ನಾನು ಹುಬ್ಬಳ್ಳಿಗೆ ಹೋಗಿ ನೋಡಿದಾಗ ಕಲಿತದ್ದು ಇಷ್ಟು. ಬಿಲ್ ಮೇಲಿನ ಸೀರಿಯಲ್ ನಂಬರ್ ಮತ್ತು ಕ್ಯಾಮೆರಾದ ಅಡಿಯ ನಂಬರ್ ಒಂದೇ ಇದೆಯೇ ನೋಡಿ. ಲೆನ್ಸನ್ನು ಎಫ್ 16ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೊ ತೆಗೆದರೆ ಸೆನ್ಸರ್ ಮೇಲಿನ ಧೂಳು ಚುಕ್ಕಿಯಾಗಿ ಕಾಣುತ್ತದೆ. ಲೆನ್ಸ್‌ನ ಒಳಗೆ ಟಾರ್ಚ್ ಬಿಟ್ಟು ನೋಡಿ, ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಸ್ಟು, ಬೇಡವೇ ಬೇಡ. ಲೆನ್ಸ್ ಕೂರುವ ಬಳೆಯ ಸ್ಕ್ರೂಗಳಲ್ಲಿ, ಫ್ಲ್ಯಾಶ್ ಕೂರಿಸುವ ಜಾಗದಲ್ಲಿ ತುಕ್ಕು ಇದ್ದರೆ ಉಪ್ಪುಗಾಳಿಯಲ್ಲೋ ಮಳೆಯಲ್ಲೋ ತಿರುಗಿದ ಕ್ಯಾಮೆರಾ ಎಂದು ಅರ್ಥ. ಎಷ್ಟು ಕ್ಲಿಕ್ ಆಗಿದೆ ಎಂದು ಆ ಮಾದರಿಯ ಮೆನುವಿನಲ್ಲಿ ಕಾಣುವುದಿಲ್ಲ, ಮಾರುವವರ ಬಾಯಿಮಾತೇ ಗತಿ. ಕನ್ನಡಿ ಇಲ್ಲದ ಕ್ಯಾಮೆರಾದಲ್ಲಿ ಲೆನ್ಸ್ ತೆಗೆದರೆ ಸೆನ್ಸರ್ ಎದುರಿಗೇ ಇರುತ್ತದೆ. ನಮ್ಮಂತೆ ಮರಳಿನ ಮೇಲೆ ಬದುಕುವವರು ಇದನ್ನು ಮರೆಯಬಾರದು. ಕರಾವಳಿಯ ಮಳೆಗಾಲಕ್ಕೆ ಗಾಳಿಯಾಡದ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಹೊಸದಿರಲಿ, ಹಳೆಯದಿರಲಿ ಈ ಖರ್ಚು ತಪ್ಪಿದ್ದಲ್ಲ.

ಇವೆಲ್ಲಕ್ಕೂ ಮೊದಲು, ಅಂಗಡಿಗೆ ಹೋಗುವ ಮುನ್ನ, ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ. ಈಗಿರುವುದರಲ್ಲಿ ಯಾವ ಚಿತ್ರ ತೆಗೆಯಲು ಆಗುತ್ತಿಲ್ಲ? ಅದನ್ನು ತೆಗೆಯಲು ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ ಯಾವುದು? ಆ ಹಣ ಎಷ್ಟು ದಿನದ ದುಡಿಮೆಯಿಂದ ಮರಳುತ್ತದೆ? ಕ್ಯಾಮೆರಾಕ್ಕೆ ಮಾತ್ರವಲ್ಲ, ಲ್ಯಾಪ್‌ಟಾಪ್, ಬೈಕು, ಸಾವಿರಾರು ರೂಪಾಯಿಯ ಕೋಚಿಂಗ್ ಕ್ಲಾಸು, ಯಾವುದಕ್ಕೂ ಈ ಮೂರು ಸಾಲು ಆಗುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳುತ್ತಾರೆ. ಕಂತಿನಲ್ಲಿ ಸಿಗುವ ಈ ಕಾಲದಲ್ಲಿ ಹಾಸಿಗೆ ಎಷ್ಟು ಉದ್ದವಿದೆ ಎಂಬುದೇ ನಮಗೆ ಕಾಣದಂತಾಗಿದೆ.

ಶುಕ್ರವಾರ ಸಂಜೆ ಹುಬ್ಬಳ್ಳಿಗೆ ಫೋನ್ ಮಾಡಿ ಕ್ಯಾಮೆರಾ ಬೇಡವೆಂದೆ. ಅಂಗಡಿಯವರಿಗೆ ಬೇಸರವಾದಂತೆ ಅನ್ನಿಸಲಿಲ್ಲ. "50 ಎಂ.ಎಂ. ಲೆನ್ಸ್ ಐತೇನ್ರಿ?" ಎಂದು ಕೇಳಿದೆ. ಇತ್ತು. ಆಯಿಯ ಬಳೆ ಅವಳ ಕೈಯಲ್ಲೇ ಇದೆ.

ಶನಿವಾರ ನಸುಕಿಗೆ ಎದ್ದು ಹಳೆಯ ಕ್ಯಾಮೆರಾ ಹಿಡಿದು ದಂಡೆಗೆ ಹೋದೆ. ಮಾವನ ದೋಣಿ ಬರುವುದರಲ್ಲಿತ್ತು. ಅವನು ದೂರದಿಂದಲೇ ಕೂಗಿದ: "ಹೊಸದು ಬಂತನೋ?"

"ಇಲ್ಲ ಮಾವ, ಹಳೆಯದೇ."

"ಹಂಗಾದ್ರೆ ಅದನ್ನ ಅಲ್ಲಿಟ್ಟು ಮೊದ್ಲು ಹಗ್ಗ ಹಿಡಿ" ಎಂದ. ಹಿಡಿದೆ. ದೋಣಿ ಮೇಲೆ ಬಂದ ನಂತರ ತೆಗೆದ ಫೋಟೊಗಳು ಅಂದು ಒಂದೇ ಬೆಳಿಗ್ಗೆ 61.