ಗರಡಿಯ ಕಣ್ಣಿಗೆ ಬೆಳ್ಳಿತೆರೆ

ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ಜಾತ್ರೆಯೆಂದರೆ ತೇರು, ಬೆಂಡು ಬತ್ತಾಸು, ನಾಟಕ ಇಷ್ಟೇ ಅಲ್ಲ, ಕುಸ್ತಿಯೂ ಉಂಟು. ಹದಗೊಳಿಸಿದ ಮಣ್ಣಿನ ಕಣದ ಸುತ್ತ ಜನ ನೆರೆಯುತ್ತಾರೆ. ಹಲಗೆಯ ಸದ್ದಿಗೆ ಸರಿಯಾಗಿ ಚಿಕ್ಕ ಹುಡುಗರ ಜೋಡಿಗಳು ಮೊದಲು ಇಳಿಯುತ್ತವೆ. ಹೆಸರಾಂತ ಪೈಲವಾನರ ಸರದಿ ಕೊನೆಗೆ. ಅಲ್ಲಿ ಕುಳಿತ ಮುದುಕರನ್ನು ಗಮನಿಸಬೇಕು. ಅವರ ದೃಷ್ಟಿ ಪೈಲವಾನನ ಮುಖದ ಮೇಲಿರುವುದಿಲ್ಲ, ಅವನ ಸೊಂಟದ ಮೇಲೆ, ಪಾದದ ಮೇಲೆ ಇರುತ್ತದೆ. ಯಾರ ಕಾಲು ಕಿತ್ತಿತು, ಯಾರ ಹಿಡಿತ ಸಡಿಲಿತು ಎಂಬುದು ಅವರಿಗೆ ತೀರ್ಪಿಗಿಂತ ಮೊದಲೇ ತಿಳಿದಿರುತ್ತದೆ.

ಇಂಥ ಕಣ್ಣುಳ್ಳವರು ಚಲಚ್ಚಿತ್ರಕ್ಕೆ ಹೋದಾಗ ಒಂದು ತೊಡಕು ಒದಗುತ್ತದೆ. ನಾಯಕನು ಒಮ್ಮೆ ಕಾಲು ಬೀಸಿದರೆ ಹತ್ತು ಮಂದಿ ಗಾಳಿಯಲ್ಲಿ ಹಾರಿ ಹೋಗುವರು. ಸುತ್ತಲಿನವರು ಸಿಳ್ಳು ಹಾಕುವಾಗ ಗರಡಿಯನ್ನು ಬಲ್ಲವನು ಮಾತ್ರ, “ಹಿಂಗ ಎಲ್ಲೆರೆ ಬೀಳ್ತಾರೇನು?” ಎಂದು ನಕ್ಕುಬಿಡುತ್ತಾನೆ. ಅವನ ನಗೆ ನ್ಯಾಯವಾದುದೇ. ಆದರೆ ಅವನೂ ಮೆಚ್ಚಿ ತಲೆದೂಗಬಹುದಾದ ಚಿತ್ರಗಳು ಇಲ್ಲದಿಲ್ಲ. ಅವು ಯಾವುವು?

ಈ ಪ್ರಶ್ನೆಯನ್ನು ಕೇಳುವ ಅಧಿಕಾರ ಈ ನೆಲಕ್ಕೆ ಉಂಟು. ಸಿಂದಗಿಯ ಸೀಮೆಯು ಒಂದು ಕಾಲಕ್ಕೆ ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಸೇರಿದ್ದು. ಆ ವಂಶದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮಲ್ಲವಿನೋದ’ವೆಂಬ ಭಾಗವೇ ಇದೆ. ವಯಸ್ಸು, ಗಾತ್ರ, ಬಲಗಳನ್ನು ನೋಡಿ ಮಲ್ಲರನ್ನು ವರ್ಗೀಕರಿಸುವುದು, ಅವರ ಸಾಧನೆ, ಪಟ್ಟುಗಳ ಹೆಸರು, ಅವರಿಗೆ ಅರಸನು ಒದಗಿಸಬೇಕಾದ ಬೇಳೆ, ಮಾಂಸ, ಹಾಲು, ಸಕ್ಕರೆ ಇವೆಲ್ಲ ಅಲ್ಲಿ ಬಂದಿವೆ. ಅರಸನ ವಿನೋದಗಳಲ್ಲಿ ಒಂದಾದ ಮಲ್ಲಯುದ್ಧಕ್ಕೆ ಆಗಲೇ ಶಾಸ್ತ್ರವಿತ್ತು. ನೋಡುವವನಿಗೂ ಆ ಶಾಸ್ತ್ರದ ಅರಿವಿರಬೇಕಾಗಿತ್ತು.

ಆ ಅರಿವಿನಿಂದಲೇ ಚಿತ್ರಗಳನ್ನು ಒರೆಗೆ ಹಚ್ಚಬಹುದು. ಪಟ್ಟು ಕಣ್ಣಿಗೆ ಕಾಣಬೇಕು. ಅಂದರೆ ಛಾಯಾಗ್ರಾಹಕನು ಇಬ್ಬರ ದೇಹವನ್ನೂ ಅಡಿಯಿಂದ ಮುಡಿಯವರೆಗೆ ತೋರಿಸಬೇಕು. ಕ್ಷಣಕ್ಕೊಂದು ತುಣುಕನ್ನು ಕತ್ತರಿಸಿ ಅಂಟಿಸಿದರೆ ಯಾರು ಯಾರನ್ನು ಹೇಗೆ ಕೆಡವಿದರೆಂಬುದು ಬ್ರಹ್ಮನಿಗೂ ತಿಳಿಯದು. ಅದಕ್ಕಿಂತ ಮುಖ್ಯವಾಗಿ, ಸೋಲಿಗೆ ಬೆಲೆಯಿರಬೇಕು. ಬಿದ್ದವನೂ ಒಬ್ಬ ಮನುಷ್ಯನೆಂಬುದನ್ನು ಮರೆತ ಚಿತ್ರದಲ್ಲಿ ಹೊಡೆದಾಟವಿರಬಹುದು, ಕಲೆಯಿರದು.

ಈ ಒರೆಗಲ್ಲಿಗೆ ಚೊಕ್ಕ ಚಿನ್ನವಾಗಿ ನಿಲ್ಲುವುದು 1943ರಲ್ಲಿ ಜಪಾನಿನಲ್ಲಿ ತೆರೆಕಂಡ ‘ಸಾನ್‌ಶಿರೋ ಸುಗಾತ’. ಮುಂದೆ ಜಗದ್ವಿಖ್ಯಾತನಾದ ಅಕಿರ ಕುರೋಸಾವನು ನಿರ್ದೇಶಿಸಿದ ಮೊದಲ ಚಿತ್ರವಿದು. ಜಪಾನಿನ ಹಳೆಯ ವಿದ್ಯೆಯಾದ ಜುಜುತ್ಸುವನ್ನು ತಿದ್ದಿ, ಅಪಾಯಕರ ಪಟ್ಟುಗಳನ್ನು ಬಿಡಿಸಿ, ಜಿಗೋರೋ ಕಾನೋ ಎಂಬ ಗುರುವು 1882ರಲ್ಲಿ ಕೊಡೋಕಾನ್ ಎಂಬ ಶಾಲೆಯನ್ನು ತೆರೆದು ಜೂಡೋ ಎಂಬ ಹೊಸ ಮಾರ್ಗವನ್ನು ಸ್ಥಾಪಿಸಿದನು. ಹಳೆಯ ವಿದ್ಯೆಯವರಿಗೂ ಹೊಸಬರಿಗೂ ನಡೆದ ಆ ಕಾಲದ ಪೈಪೋಟಿಯೇ ಚಿತ್ರದ ವಸ್ತು. ಮೂಲ ಕಾದಂಬರಿಯನ್ನು ಬರೆದ ತ್ಸುನೆಓ ತೊಮಿತನ ತಂದೆ ಕಾನೋ ಗುರುವಿನ ಮೊದಮೊದಲ ಶಿಷ್ಯರಲ್ಲೊಬ್ಬ. ಆದುದರಿಂದ ಕಥೆಗೆ ಮನೆಯೊಳಗಿನ ಅನುಭವದ ಬಲವಿದೆ.

ಕಥಾನಾಯಕ ಸಾನ್‌ಶಿರೋ ಬಲಿಷ್ಠನಾದ ಹಳ್ಳಿಯ ಯುವಕ. ಜುಜುತ್ಸು ಕಲಿಯಲೆಂದು ಬಂದವನು, ಯಾನೋ ಎಂಬ ಜೂಡೋ ಗುರುವೊಬ್ಬನು ತನ್ನ ಮೇಲೆ ಬಿದ್ದ ಗುಂಪನ್ನು ಒಬ್ಬೊಬ್ಬರಾಗಿ ನದಿಗೆ ಎಸೆಯುವುದನ್ನು ಕಂಡು ಅಲ್ಲಿಯೇ ಅವನ ಶಿಷ್ಯನಾಗುತ್ತಾನೆ. ವಿದ್ಯೆ ಬೇಗನೆ ಕೈಗೂಡುತ್ತದೆ. ವಿವೇಕ ಮಾತ್ರ ಬರಲೊಲ್ಲದು. ಬೀದಿಯಲ್ಲಿ ಕಂಡಕಂಡವರನ್ನು ಕೆಡವಿ ಬಂದ ಶಿಷ್ಯನನ್ನು ಗುರು ಖಂಡಿಸುತ್ತಾನೆ. ರೋಷದಿಂದ ಸಾನ್‌ಶಿರೋ ಕೊಳಕ್ಕೆ ಹಾರಿ, ಅಲ್ಲಿಯ ಗೂಟವೊಂದನ್ನು ತಬ್ಬಿ ಇರುಳೆಲ್ಲ ತಣ್ಣೀರಿನಲ್ಲಿ ನಿಲ್ಲುತ್ತಾನೆ. ಆಗ ಎದುರಿಗೆ ಒಂದು ಕಮಲ ಅರಳಿದುದನ್ನು ಕಾಣುತ್ತಾನೆ. ಅವನು ನಿಜವಾಗಿ ಕಲಿಯುವುದು ಆ ಘಳಿಗೆಯಲ್ಲಿ.

ಚಿತ್ರದ ಜೀವಾಳವಿರುವುದು ಮುರಾಯ್ ಎಂಬ ವೃದ್ಧ ಜುಜುತ್ಸು ಗುರುವಿನೊಡನೆ ನಡೆಯುವ ಪಂದ್ಯದಲ್ಲಿ. ತಂದೆಯ ಗೆಲುವಿಗಾಗಿ ಗುಡಿಯಲ್ಲಿ ಪ್ರಾರ್ಥಿಸುತ್ತಿದ್ದ ಕನ್ಯೆಯೊಬ್ಬಳನ್ನು ಸಾನ್‌ಶಿರೋ ಕಂಡಿದ್ದಾನೆ. ಆ ತಂದೆಯೇ ತನ್ನ ಎದುರಾಳಿ. ಗೆದ್ದರೆ ಅವಳ ಪ್ರಾರ್ಥನೆಯನ್ನು ತುಳಿದಂತೆ. ಸೋತುಕೊಟ್ಟರೆ ಗುರುವಿಗೂ ಆ ವೃದ್ಧನಿಗೂ ಮಾಡಿದ ಅವಮಾನ. ಅವನು ಪೂರ್ಣ ಮನಸ್ಸಿನಿಂದಲೇ ಸೆಣಸಿ ಗೆಲ್ಲುತ್ತಾನೆ. ಬಿದ್ದೆದ್ದ ಮುದುಕನು ಅವನನ್ನು ಹಗೆಯಾಗಿ ಕಾಣುವುದಿಲ್ಲ. ಕುಸ್ತಿ ಮುಗಿದೊಡನೆ ಎದುರಾಳಿಯ ಕೈಹಿಡಿದು ಕಣದಿಂದ ಹೊರಬರುವ ಪದ್ಧತಿಯನ್ನು ಬಲ್ಲ ನಮ್ಮ ಪೈಲವಾನರಿಗೆ ಈ ಭಾಗವನ್ನು ಯಾರೂ ವಿವರಿಸಬೇಕಾಗಿಲ್ಲ. ಯುದ್ಧಕಾಲದಲ್ಲಿ ಕತ್ತರಿಗೆ ಸಿಕ್ಕಿ ಚಿತ್ರದ ಕೆಲಭಾಗ ಕಳೆದುಹೋಗಿದೆ. ಉಳಿದುದು 79 ನಿಮಿಷ, ಅಷ್ಟೇ ಸಾಕು.

ಜುಜುತ್ಸುವಿನ ಇನ್ನೊಂದು ಕವಲು ಸಾಗರ ದಾಟಿತು. ಕೊಡೋಕಾನಿನಲ್ಲಿ ಪಳಗಿದ ಮಿತ್ಸುಯೋ ಮಾಯೆದ 1914ರಲ್ಲಿ ಬ್ರೆಜಿಲ್ ದೇಶಕ್ಕೆ ಹೋಗಿ, ಅಲ್ಲಿ ಗ್ರೇಸಿ ಮನೆತನದ ಕಾರ್ಲೋಸನಿಗೆ ವಿದ್ಯೆ ಕಲಿಸಿದನು. ಅಲ್ಲಿ ಬೆಳೆದ ಮಾರ್ಗವು ನಮ್ಮ ಕುಸ್ತಿಯವರಿಗೆ ವಿಚಿತ್ರವೆನಿಸೀತು. ನಮ್ಮಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಆಟ ಮುಗಿಯಿತು, ಅವನು ಚಿತ್ತಾದ. ಅವರಲ್ಲಿ ಬೆನ್ನು ನೆಲಕ್ಕೆ ತಾಗಿದ ಮೇಲೆಯೇ ಆಟಕ್ಕೆ ಕಳೆ! ಕೆಳಗೆ ಬಿದ್ದವನು ಕಾಲುಗಳಿಂದ ಮೇಲಿನವನನ್ನು ಬಿಗಿದು, ತೋಳನ್ನೋ ಕೊರಳನ್ನೋ ಸಿಕ್ಕಿಸಿ, ಅವನು ಅಂಗೈಯಿಂದ ತಟ್ಟಿ ಸೋಲೊಪ್ಪುವಂತೆ ಮಾಡಬಲ್ಲನು.

1973ರ ‘ಎಂಟರ್ ದ ಡ್ರ್ಯಾಗನ್’ ಚಿತ್ರವನ್ನು ಬ್ರೂಸ್ ಲೀಯ ಮಿಂಚಿನಂಥ ಒದೆತಗಳಿಗಾಗಿ ನೋಡಿದವರು ಅಸಂಖ್ಯ. ಆದರೆ ಅದರ ಮೊದಲ ಕಾಳಗವು ಮುಗಿಯುವುದು ನೆಲದ ಮೇಲೆ, ಹಿಡಿತದಿಂದ, ಎದುರಾಳಿ ತಟ್ಟಿ ಸೋಲೊಪ್ಪುವುದರಿಂದ ಎಂಬುದನ್ನು ಪಟ್ಟು ಬಲ್ಲವರು ಗುರುತಿಸುವರು. ಆ ವರ್ಷದ ಜುಲೈ 20ರಂದು ಲೀ ತೀರಿಕೊಂಡನು. ಚಿತ್ರವು ತೆರೆಗೆ ಬಂದುದು ಅನಂತರ.

ಜಿಯು-ಜಿತ್ಸುವನ್ನೇ ವಸ್ತುವಾಗಿಸಿಕೊಂಡ ಚಿತ್ರ 2008ರ ‘ರೆಡ್‌ಬೆಲ್ಟ್’. ನಿರ್ದೇಶಕ ಡೇವಿಡ್ ಮ್ಯಾಮೆಟ್ ತಾನೂ ಈ ವಿದ್ಯೆಯನ್ನು ಅಭ್ಯಾಸ ಮಾಡಿದ ನಾಟಕಕಾರ. ಲಾಸ್ ಏಂಜಲೀಸಿನ ಒಬ್ಬ ಬಡ ಗುರು ಕಥಾನಾಯಕ. ಹಣಕ್ಕಾಗಿ ಪಂದ್ಯಕ್ಕಿಳಿದರೆ ವಿದ್ಯೆ ಕೆಡುವುದೆಂಬ ನಂಬಿಕೆ ಅವನದು, ಮನೆಯಲ್ಲಿಯೋ ಸಾಲ. ಶಿಷ್ಯರ ಅಭ್ಯಾಸಕ್ಕಾಗಿ ಅವನೊಂದು ಉಪಾಯ ಹೂಡಿರುತ್ತಾನೆ: ಕಪ್ಪು ಗೋಲಿ ಬಂದವನು ಒಂದು ಕೈ ಕಟ್ಟಿಸಿಕೊಂಡು ಸೆಣಸಬೇಕು. ಈ ಉಪಾಯವನ್ನು ಪಂದ್ಯದ ವ್ಯಾಪಾರಿಗಳು ಕದ್ದು ಮೋಸದ ಜೂಜಾಗಿಸಿದಾಗ ಗುರುವಿನ ಪರೀಕ್ಷೆ ಮೊದಲಾಗುತ್ತದೆ. ಒರಟು ಮಾತುಗಳಿರುವುದರಿಂದ ಇದು ಮಕ್ಕಳೊಡನೆ ನೋಡುವ ಚಿತ್ರವಲ್ಲ, ಪ್ರೌಢರು ನೋಡಬೇಕಾದುದು.

ಕನ್ನಡದ ಬೆಳ್ಳಿತೆರೆಯೂ ಬರಿಗೈಯಲ್ಲಿಲ್ಲ. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನಾಧರಿಸಿದ 1975ರ ‘ಮಯೂರ’ದಲ್ಲಿ ರಾಜಕುಮಾರರ ಮಲ್ಲಯುದ್ಧವನ್ನು ಕಂಡವರು ಮರೆತಿಲ್ಲ. ಗಿರೀಶ ಕಾರ್ನಾಡರು ಕುರೋಸಾವನ ಚಿತ್ರಗಳಿಂದ ಪ್ರೇರಣೆ ಪಡೆದು 1978ರಲ್ಲಿ ನಿರ್ದೇಶಿಸಿದ ‘ಒಂದಾನೊಂದು ಕಾಲದಲ್ಲಿ’ ಇನ್ನೂ ಮೇಲ್ತರಗತಿಯದು. ಕೂಲಿಗಾಗಿ ಕತ್ತಿ ಹಿಡಿದ ಗಂಡುಗಲಿಯಾಗಿ ಶಂಕರ್‌ನಾಗ್, ಎದುರು ಬಣದ ಪೆರ್ಮಾಡಿಯಾಗಿ ಸುಂದರಕೃಷ್ಣ ಅರಸ್. ಒಬ್ಬರ ಕೌಶಲವನ್ನು ಇನ್ನೊಬ್ಬರು ಬಲ್ಲ ಇಬ್ಬರು ವೀರರ ನಡುವೆ ಬೆಳೆಯುವ ಗೌರವವೇ ಅಲ್ಲಿಯ ಸೊಗಸು. ಆ ಪಾತ್ರಕ್ಕಾಗಿ ಶಂಕರ್‌ನಾಗ್ ಭಾರತದ ಅಂತಾರಾಷ್ಟ್ರೀಯ ಚಲಚ್ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿಯನ್ನು ಪಡೆದರು. ಈಚೆಗೆ ಸುದೀಪ್ ಅಭಿನಯದ ‘ಪೈಲ್ವಾನ್’ 2019ರಲ್ಲಿಯೂ, ಯೋಗರಾಜ ಭಟ್ಟರ ‘ಗರಡಿ’ 2023ರಲ್ಲಿಯೂ ಬಂದವು. ಮೊದಲನೆಯದರಲ್ಲಿ ನಾಯಕನು ಕುಸ್ತಿಯ ಮಣ್ಣನ್ನು ಬಿಟ್ಟು ಮುಷ್ಟಿಕಾಳಗಕ್ಕೆ ಸರಿಯುತ್ತಾನೆ. ಕೆಮ್ಮಣ್ಣಿನ ಕಣವು ತೆರೆಯ ಮೇಲೆ ಮತ್ತೆ ಕಂಡಿತೆಂಬುದೇ ಪೈಲವಾನರಿಗೆ ಹಿಗ್ಗು.

ಕುಟುಂಬ ಸಮೇತರಾಗಿ ನೋಡಲು ಹಿಂದಿಯ ‘ದಂಗಲ್’ (2016) ಅತ್ಯಂತ ಯೋಗ್ಯ. ಹರಿಯಾಣದ ಮಹಾವೀರಸಿಂಗ್ ಫೋಗಟ್ ತನ್ನ ಹೆಣ್ಣುಮಕ್ಕಳನ್ನು ಮಣ್ಣಿಗಿಳಿಸಿದ ಕಥೆ. ನಟಿಯರು ನಿಜವಾದ ತರಬೇತುದಾರರಿಂದ ಕಲಿತು ಆಡಿದುದರಿಂದ ಪಟ್ಟುಗಳು ಸುಳ್ಳೆನಿಸುವುದಿಲ್ಲ. ಒಂದು ಮಾತು ಮಾತ್ರ ತಿಳಿದಿರಲಿ. 2010ರ ದಿಲ್ಲಿಯ ಕಾಮನ್‌ವೆಲ್ತ್ ಕ್ರೀಡೆಗಳ ಅಂತಿಮ ಸ್ಪರ್ಧೆಯಲ್ಲಿ ಗೀತಾ ಫೋಗಟ್ ಆಸ್ಟ್ರೇಲಿಯದ ಎದುರಾಳಿಯನ್ನು 1–0, 7–0 ಎಂದು ನಿರಾಯಾಸವಾಗಿ ಸೋಲಿಸಿದ್ದಳು. ಕೊನೆಯ ಕ್ಷಣದವರೆಗಿನ ತಳಮಳ, ತಂದೆಯನ್ನು ಕೋಣೆಯಲ್ಲಿ ಕೂಡಿಹಾಕುವ ಪ್ರಸಂಗ, ಎರಡೂ ಚಿತ್ರದವರ ಕಲ್ಪನೆ. ಹೆಣ್ಣೊಬ್ಬಳ ನಿಜವಾದ ಪ್ರಾಬಲ್ಯ ಕಲ್ಪಿತ ಸಂಕಟಕ್ಕಿಂತ ಸಪ್ಪೆಯೆಂದು ತೋರಿತೇನೋ! ಆದರೂ ‘ಹುಡುಗಿಗೆ ಕುಸ್ತಿಯೇ?’ ಎನ್ನುವ ಹಿರಿಯರ ಎದುರು ಇರಿಸಬಹುದಾದ ಉತ್ತರ ಈ ಚಿತ್ರದಲ್ಲಿದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕೊರತೆಯನ್ನು ಹೇಳದಿರಲಾಗದು. ಭೀಮಾ ನದಿಯ ದಡವೆಂದರೆ ಬೆಂಗಳೂರಿನ ಚಿತ್ರೋದ್ಯಮಕ್ಕೆ ನೆನಪಾಗುವುದು ಬಂದೂಕು. 2012ರ ‘ಭೀಮಾ ತೀರದಲ್ಲಿ’ ಆ ಬಗೆಯ ಕಥೆಯೇ. ಹಗೆ, ಕೊಲೆಗಳ ಸುದ್ದಿ ಈ ಸೀಮೆಯಲ್ಲಿ ಇಲ್ಲವೆಂದಲ್ಲ. ಆದರೆ ಅದೇ ಸೀಮೆಯಲ್ಲಿ ನಸುಕಿನಲ್ಲೆದ್ದು ದಂಡ ಹೊಡೆದು, ಜೋಳದ ರೊಟ್ಟಿಯುಂಡು, ಉಸ್ತಾದನ ಪಾದ ಮುಟ್ಟಿ ಕಣಕ್ಕಿಳಿಯುವ ಹುಡುಗರೂ ಇದ್ದಾರೆ. ಎದುರಾಳಿಯನ್ನು ಗಾಯಗೊಳಿಸದೆ ಗೆಲ್ಲುವುದು ಹೇಗೆಂಬುದನ್ನು ಅವರು ಕಲಿಯುತ್ತಾರೆ. ಹಗೆತನಕ್ಕೆ ಈ ನೆಲ ತಾನೇ ಕಂಡುಕೊಂಡ ಮದ್ದು ಅದು. ಆ ಮದ್ದಿನ ಕಥೆಯನ್ನು ತೆರೆಗೆ ತರುವ ನಿರ್ದೇಶಕನೊಬ್ಬನು ಸಿಂದಗಿಯ ಕಡೆಗೆ ಬಂದರೆ, ಕುರೋಸಾವನಿಗೆ ಒದಗಿದಂಥ ವಸ್ತುವೇ ಅವನಿಗೂ ಒದಗೀತು.

ಅಲ್ಲಿಯವರೆಗೆ ಇರುವ ಚಿತ್ರಗಳನ್ನೇ ಮಕ್ಕಳಿಗೆ ಆರಿಸಿ ತೋರಿಸಬಹುದು. ನೋಡಿ ಮುಗಿದ ಮೇಲೆ ಮಗನೋ ಮಗಳೋ, “ಆ ಪಟ್ಟು ಹಾಕಿದ್ದು ಹೇಗೆ?” ಎಂದು ಕೇಳಿದರೆ ಚಿತ್ರ ಸಾರ್ಥಕವಾಯಿತೆನ್ನಬೇಕು. ಮಾರನೆಯ ಬೆಳಗ್ಗೆ ಅವರನ್ನು ಊರಿನ ಗರಡಿಯ ಬಾಗಿಲವರೆಗೆ ಕರೆದೊಯ್ಯುವುದು ತಂದೆತಾಯಿಗಳ ಕೆಲಸ; ಮುಂದಿನದನ್ನು ಉಸ್ತಾದನು ನೋಡಿಕೊಳ್ಳುವನು.